ನಿಂಗರಾಜು ಮೇಷ್ಟ್ರಿಗೆ ಫಿಟ್ಸ್ ಬಂದಿದ್ದು

ಗಾವಡಗೆರೆ ಹೋಬಳಿಯ ಒಂದು ವಸತಿ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದ ನಿಂಗರಾಜು ನೆಲಕ್ಕೆ ಬೀಳಲು ಒಪ್ಪಿಕೊಂಡದ್ದು ಬರೀ ಅರ್ಧ ದಿನದ ರಜೆಗಾಗಿ.

ಅವತ್ತು ಸಂಜೆ ಪಿರಿಯಾಪಟ್ಟಣದ ಕಡೆಯ ಹೆಣ್ಣಿನವರು ಅವನ ಮನೆ ನೋಡಲು ಬರುವವರಿದ್ದರು. ನಿಂಗರಾಜುವಿಗೆ ಮೂವತ್ತಾರು ತುಂಬಿತ್ತು, ಕೆಲಸ ಹೊರಗುತ್ತಿಗೆಯದು. ಹುಣಸೂರು ತಾಲ್ಲೂಕಿನಲ್ಲಿ ಅಂಥ ಗಂಡಿಗೆ ಹೆಣ್ಣು ಸಿಗುವುದು ಬೇಸಿಗೆಯ ಲಕ್ಷ್ಮಣತೀರ್ಥದಲ್ಲಿ ಈಜು ಹೊಡೆದಷ್ಟೇ ಸುಲಭ. ಹೋದ ತಿಂಗಳು ಹೆಣ್ಣು ನೋಡಲು ಹೋದಾಗ ಸುಕನ್ಯ ಎಂಬ ಆ ಹುಡುಗಿ ಕಾಫಿ ಕೊಡುತ್ತ ತಲೆ ತಗ್ಗಿಸಿರಲಿಲ್ಲ. ನೇರವಾಗಿ ಅವನ ಮುಖ ನೋಡಿ "ಸಕ್ಕರೆ ಸಾಕಾ?" ಎಂದಿದ್ದಳು. ಆ ಎರಡು ಮಾತಿನ ಮೇಲೆಯೇ ಅವನು ಇಡೀ ತಿಂಗಳು ಬದುಕಿದ್ದ. ಅವಳು ತನ್ನೂರಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಇವತ್ತು ಅಪ್ಪನ ಜೊತೆ ತಾನೂ ಬರುತ್ತೇನೆ ಎಂದಿದ್ದಾಳೆ ಅಂತ ಮದುವೆ ದಲ್ಲಾಳಿ ನಂಜಣ್ಣ ಹೇಳಿದಾಗಿನಿಂದ ನಿಂಗರಾಜುವಿನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಆದರೆ ಪ್ರಿನ್ಸಿಪಾಲ್ ಶಶಿಕುಮಾರ್ ರಜೆ ಕೊಡಲಿಲ್ಲ.

"ಇವತ್ತು ಸಿಸ್ಟರ್ ಟ್ರೈನಿಂಗ್ ಇದೆ ಕಣ್ರೀ. ಎಲ್ಲಾ ಸ್ಟಾಫೂ ಇರ್ಬೇಕು."

ಸಿಸ್ಟರ್ ಎಂದರೆ ಶಾಲೆಯ ನರ್ಸು ರೂಪಶ್ರೀ. ಮೈಸೂರಿನಲ್ಲಿ ಶಾಲಾ ಆರೋಗ್ಯದ ತರಬೇತಿ ಮುಗಿಸಿಕೊಂಡು ಹಿಂದಿನ ದಿನವಷ್ಟೇ ಬಂದಿದ್ದಳು. ಆ ತರಬೇತಿಗೆ ಹೋಗಲು ಅವಳಿಗೆ ಕಾರಣವಿತ್ತು. ಆರನೇ ಕ್ಲಾಸಿನ ಚಿನ್ನು ಎಂಬ ಹುಡುಗಿ ಪ್ರಾರ್ಥನೆಯ ಹೊತ್ತಿನಲ್ಲಿ ಫಿಟ್ಸ್ ಬಂದು ಬಿದ್ದಿದ್ದಳು. ರೂಪಶ್ರೀ ಅವತ್ತು ರಜೆಯಲ್ಲಿದ್ದಳು. ಇದ್ದ ಮೇಷ್ಟ್ರುಗಳೆಲ್ಲ ಹಾವು ಕಂಡ ಕೋಳಿಗಳಂತೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹಾರಿದ್ದರು. ಆಮೇಲೆ ಪ್ರಿನ್ಸಿಪಾಲರು, ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಅದರ ತಾಯಿಗೆ ಹೇಳಿ ಕಳಿಸಿದ್ದರು. ರೂಪಶ್ರೀ ಅದಕ್ಕೆ ಒಪ್ಪಲಿಲ್ಲ.

"ಚಿನ್ನು ಓದೋದ್ರಲ್ಲಿ ಏನೂ ತೊಂದರೆ ಇಲ್ಲ ಸರ್. ನಮಗೆ ನೋಡ್ಕೊಳ್ಳೋಕೆ ಬರಲ್ಲ, ಅಷ್ಟೇ. ನಾನು ಎಲ್ಲರಿಗೂ ಕಲಿಸ್ತೀನಿ. ಕಲಿತ ಮೇಲೂ ನಿಮಗೆ ಧೈರ್ಯ ಬರದಿದ್ರೆ ಆಗ ಕಳಿಸಿ."

ಕಲಿಸಬೇಕೆಂದರೆ ಯಾರಾದರೂ ಬೀಳಬೇಕು. ಇಸ್ತ್ರಿ ಬಟ್ಟೆ ಹಾಕಿಕೊಂಡು ಊಟದ ಹಾಲಿನ ನೆಲದಲ್ಲಿ ಹೊರಳಲು ಯಾವ ಮೇಷ್ಟ್ರೂ ಮುಂದೆ ಬರಲಿಲ್ಲ. ನಿಂಗರಾಜು ಮೆಲ್ಲಗೆ ರೂಪಶ್ರೀಯ ಹತ್ತಿರ ಬಂದ.

"ಸಿಸ್ಟರ್, ನಾನು ಬೀಳ್ತೀನಿ. ಮಧ್ಯಾಹ್ನದ ರಜೆ ಕೊಡಿಸ್ತೀರಾ?"

"ಚೆನ್ನಾಗಿ ಬಿದ್ರೆ ಕೊಡಿಸ್ತೀನಿ. ಒಂದೇ ಮಾತು, ನಾನು 'ಸಾಕು' ಅನ್ನೋ ತನಕ ಕಣ್ಣು ಬಿಡಬಾರದು, ಮಾತಾಡಬಾರದು."

"ಬೀಳೋದು ತಾನೆ ಸಿಸ್ಟರ್. ಅದೇನ್ ಮಹಾ ವಿದ್ಯೆ."

ರಜೆಯ ಆಸೆಯಿಂದ ನಿಂಗರಾಜು ಸೊಗಸಾಗಿ ಬಿದ್ದ. ಹಲ್ಲು ಕಚ್ಚಿದ, ಕಣ್ಣು ಮೇಲೆ ಮಾಡಿದ, ನೀರಿನಿಂದ ತೆಗೆದ ಮೀನಿನ ಹಾಗೆ ಕೈಕಾಲು ಬಡಿದ. ಪ್ರಿನ್ಸಿಪಾಲರೇ ಒಂದು ಹೆಜ್ಜೆ ಹಿಂದೆ ಸರಿದರು. ರೂಪಶ್ರೀ ಪಕ್ಕದಲ್ಲಿ ಕೂತು ಶಾಂತವಾಗಿ ಪಾಠ ಶುರು ಮಾಡಿದಳು. ಬೆಂಚು ದೂರ ಸರಿಸಿ, ತಲೆ ಕೆಳಗೆ ಮೆತ್ತಗಿರುವುದನ್ನು ಇಡಿ, ಕತ್ತಿನ ಗುಂಡಿ ಬಿಚ್ಚಿ, ಗಡಿಯಾರ ನೋಡಿಕೊಳ್ಳಿ.

ಅಷ್ಟರಲ್ಲಿ ಅಡುಗೆಯ ಕುಳ್ಳಮ್ಮ ಎಲ್ಲರಿಗೂ ಟೀ ತೆಗೆದುಕೊಂಡು ಒಳಗೆ ಬಂದಳು. ಮೊದಲಿಂದ ಒಲೆಯ ಮುಂದೆಯೇ ಇದ್ದ ಅವಳಿಗೆ ಇದು ಪಾಠವೆಂದು ಯಾರೂ ಹೇಳಿರಲಿಲ್ಲ. ತಟ್ಟೆಯನ್ನು ಕೈಬಿಟ್ಟಳು. ಲೋಟಗಳು ನೆಲದ ತುಂಬ ಉರುಳಿದವು.

"ಅಯ್ಯೋ ನಮ್ಮಪ್ಪ, ಮೇಷ್ಟ್ರು ಓದ್ರಲ್ಲ. ಸುಮ್ಕೆ ನಿಂತ್ಕಂಡು ನೋಡ್ತಿದೀರಲ್ರೋ. ಕಬ್ಬಿಣ ಕೊಡ್ರೋ ಯಾರಾದ್ರೂ."

ಯಾರಾದರೂ ಕೊಡುವ ಮೊದಲೇ ಅವಳು ಉಗ್ರಾಣದ ಬೀಗದ ಕೈ ಗೊಂಚಲನ್ನು ಸೊಂಟದಿಂದ ಕಿತ್ತು ನಿಂಗರಾಜುವಿನ ಅಂಗೈಗೆ ತುರುಕಿದಳು. ಮಡಿಲಲ್ಲಿದ್ದ ಈರುಳ್ಳಿಯನ್ನು ಹಲ್ಲಿನಲ್ಲಿ ಕಚ್ಚಿ ಅವನ ಮೂಗಿಗೆ ಹಿಡಿದಳು. ಮೊಣಕಾಲಿನಿಂದ ಅವನ ಎದೆ ಒತ್ತಿದಳು. ನಿಂಗರಾಜುವಿನ ಕಣ್ಣಲ್ಲಿ ನೀರು ಸುರಿಯಿತು. ಆದರೂ 'ಸಾಕು' ಎಂಬ ಮಾತು ಬಂದಿಲ್ಲವಲ್ಲ ಅಂತ ಅವನು ರಜೆಯನ್ನು ನೆನೆದುಕೊಂಡು ಬಿದ್ದೇ ಇದ್ದ.

ರೂಪಶ್ರೀ ಅದನ್ನೂ ಪಾಠಕ್ಕೆ ಬಳಸಿಕೊಂಡಳು. "ನೋಡಿ, ಈಗ ಕುಳ್ಳಮ್ಮ ಮಾಡಿದ್ದೆಲ್ಲ ಮಾಡಬಾರದ್ದು. ಕಬ್ಬಿಣದಿಂದ ಫಿಟ್ಸ್ ನಿಲ್ಲಲ್ಲ, ಅದರಷ್ಟಕ್ಕೆ ಅದೇ ನಿಲ್ಲುತ್ತೆ. ಒತ್ತಿ ಹಿಡಿದರೆ ಮೂಳೆ ಮುರಿಯುತ್ತೆ. ಬಾಯಿಗೆ ನೀರೂ ಬೇಡ, ಚಮಚಾನೂ ಬೇಡ. ನಿಂತ ಮೇಲೆ ಹೀಗೆ ಪಕ್ಕಕ್ಕೆ ಮಲಗಿಸಿ. ಐದು ನಿಮಿಷ ಆದ್ರೂ ನಿಲ್ಲದಿದ್ರೆ ನೂರೆಂಟಕ್ಕೆ ಫೋನ್ ಮಾಡಿ. ಸಾಕು, ನಿಂಗರಾಜು ಸರ್. ಏಳಿ."

ನಿಂಗರಾಜು ಎದ್ದು ಪ್ಯಾಂಟು ಕೊಡವಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರೂ ಬಂದು ಅವನನ್ನು ಪಕ್ಕಕ್ಕೆ ಮಲಗಿಸುವುದನ್ನು ಕಲಿತರು. ಕೊನೆಗೆ ಪ್ರಿನ್ಸಿಪಾಲರೇ ಮಂಡಿಯೂರಿ ಕೂತು ಅವನನ್ನು ಉರುಳಿಸಿ, "ಇಷ್ಟೇನಾ ಸಿಸ್ಟರ್?" ಎಂದರು. "ಇಷ್ಟೇ ಸರ್" ಎಂದಳು ರೂಪಶ್ರೀ. ನಿಂಗರಾಜುವಿಗೆ ರಜೆ ಸಿಕ್ಕಿತು.

"ನಾಟ್ಕ ಕಣಮ್ಮ ಅದು" ಅಂತ ಅವನು ಹೋಗುವಾಗ ಕುಳ್ಳಮ್ಮನಿಗೂ ಹೇಳಿದ.

ಕುಳ್ಳಮ್ಮ ತಲೆ ಆಡಿಸಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಮೇಷ್ಟ್ರಿಗೆ ಮದುವೆ ಗೊತ್ತಾಗುವ ಸಮಯ, ಪಾಪ, ಮಾನ ಮುಚ್ಚಲು ಎಲ್ಲರೂ ಸೇರಿ ನಾಟಕ ಅನ್ನುತ್ತಿದ್ದಾರೆ. ನಾಟಕಕ್ಕೆ ಯಾರಾದರೂ ಅಷ್ಟು ಕಣ್ಣೀರು ಸುರಿಸುತ್ತಾರೆಯೇ? ತಾನು ಬಾಯಿ ಬಿಡಬಾರದು ಎಂದು ಅವಳು ತೀರ್ಮಾನಿಸಿದಳು. ಬಿಡಲೂ ಇಲ್ಲ. ಮೇಷ್ಟ್ರ ಊರಿನ ಹಾಲಿನ ಡೈರಿಯ ಕರಿಯಪ್ಪನಿಗೆ ಮಾತ್ರ ಫೋನ್ ಮಾಡಿ, ದಾರಿಯಲ್ಲಿ ಮೇಷ್ಟ್ರ ಮೇಲೆ ಒಂದು ಕಣ್ಣಿಡಲು ಹೇಳಿದಳು. ಇನ್ನೊಂದು ಫೋನನ್ನು ಪಿರಿಯಾಪಟ್ಟಣದ ಕಡೆ ಕೊಟ್ಟಿದ್ದ ತನ್ನ ಅಕ್ಕನಿಗೆ ಮಾಡಿದಳು. ಅಕ್ಕನ ಮನೆ ಸುಕನ್ಯಳ ಮನೆಗೆ ಅಂಟಿಕೊಂಡೇ ಇತ್ತು.

ನಿಂಗರಾಜು ಬೈಕಿನಲ್ಲಿ ತನ್ನೂರಿನ ಬಾಗಿಲಿಗೆ ಬರುವಷ್ಟರಲ್ಲಿ ಕರಿಯಪ್ಪ ರಸ್ತೆಗೆ ಅಡ್ಡ ನಿಂತಿದ್ದ.

"ಇಳೀರಿ ಮೇಷ್ಟ್ರೆ."

"ಯಾಕಣ್ಣ?"

"ಇಳೀರಿ ಅಂದ್ನಲ್ಲ. ಓಡುಸ್ತಾ ಓಡುಸ್ತಾ ಬಂದ್ಬುಟ್ರೆ?"

"ಏನ್ ಬಂದ್ಬುಟ್ರೆ?"

"ಅದೇ ಕಣ್ರೀ. ನನ್ ಬಾಯಲ್ಲಿ ಯಾಕೆ ಏಳುಸ್ತೀರಿ."

ಕರಿಯಪ್ಪ ಬೈಕಿನ ಕೀಲಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಡೈರಿಯ ಮುಂದೆ ಕೂತಿದ್ದ ಇಬ್ಬರು ಬಂದು ನಿಂಗರಾಜುವನ್ನು ಹಾಲಿನ ಕ್ಯಾನುಗಳ ನಡುವೆ ಆಟೋಗೆ ಹತ್ತಿಸಿ, ಎರಡೂ ಕಡೆಯಿಂದ ತೋಳು ಗಟ್ಟಿಯಾಗಿ ಒತ್ತಿ ಹಿಡಿದರು. ಬೆಳಗಿನಿಂದ ಅದೇ ಪಾಠ ಕೇಳಿ ಕೇಳಿ ನಿಂಗರಾಜುವಿನ ಬಾಯಿಗೆ ಅದೇ ಬಂತು.

"ಫಿಟ್ಸ್ ಬರೋರ್ನ ಇಂಗೆಲ್ಲ ಒತ್ತಿ ಇಡೀಬಾರ್ದು ಕಣ್ರಣ್ಣ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅವ್ನೇ ಒಪ್ಕಂಡ ಬುಡು" ಎಂದ ಒಬ್ಬ.

ಮನೆಯಲ್ಲಿ ತಾಯಿ ಮರಮ್ಮ ಕೇಸರಿಬಾತಿನ ರವೆಯನ್ನು ಅರ್ಧ ಹುರಿದು ಒಲೆ ಆರಿಸಿ ಕೂತಿದ್ದಳು. ಪಕ್ಕದ ಮನೆಯ ಚಿಕ್ಕಬೀರಮ್ಮ ಅವಳ ಬೆನ್ನು ಸವರುತ್ತಿದ್ದಳು. ಮಗ ಆಟೋದಿಂದ ಇಳಿಯುವುದನ್ನು ಕಂಡು ಮರಮ್ಮ ಗೋಳೋ ಎಂದಳು.

"ಎತ್ತ ತಾಯಿಗೂ ಏಳ್ದಂಗೆ ಯಾಕ್ಲಾ ಮುಚ್ಚಿಟ್ಟೆ?"

"ಅವ್ವ, ನಂಗೇನೂ ಇಲ್ಲ. ಇಸ್ಕೂಲಲ್ಲಿ ಪಾಠಕ್ಕೆ ಅಂತ ಬಿದ್ದೆ."

"ಪಾಠ ಮಾಡೋರು ನಿಂತ್ಕಂಡಲ್ವಾ ಮಾಡದು" ಎಂದಳು ಚಿಕ್ಕಬೀರಮ್ಮ.

ಅಷ್ಟರಲ್ಲಿ ನಂಜಣ್ಣನ ಫೋನು ಬಂತು.

"ನಿಂಗರಾಜು, ಹೆಣ್ಣಿನ ಅಪ್ಪ ಫೋನ್ ಮಾಡಿದ್ದ ಕಣಪ್ಪ. 'ಹುಡುಗ್ನಿಗೆ ಹಿಂಗಂತೆ, ನಿಜವಾ' ಅಂದ. ನಾನು ಸಿಗ್ನಲ್ ಇಲ್ಲ ಅಂತ ಇಟ್ಬುಟ್ಟೆ."

"ಬರಲ್ವಂತಾ?"

"ಬತ್ತಾವ್ರೆ. ಸಂಜೆ ಮುಂದೆ ಅಂದಿದ್ದೋರು ಈಗ್ಲೇ ಹೊರಟವ್ರೆ. ಬಯ್ಯೋಕೇ ಬತ್ತಿರ್ಬೇಕು. ನಾನು ಎಚ್.ಡಿ. ಕೋಟೇಲಿ ಅವ್ನಿ, ಬರಾಕಾಗಲ್ಲ. ನೀನೇ ಸುಧಾರಿಸ್ಕೊ."

ನಿಂಗರಾಜು ಒಂದು ಚೊಂಬು ನೀರು ಕುಡಿದ. ಆಮೇಲೆ ಅವನಿಗೆ ಧೈರ್ಯ ಬಂತು. ಸುಳ್ಳನ್ನು ಸಾಬೀತು ಮಾಡುವುದು ಕಷ್ಟ, ತನ್ನ ಕಡೆ ಇರುವುದು ನಿಜವಲ್ಲವೇ. ಸಾಕ್ಷಿ ಹೇಳಲು ಇಡೀ ಶಾಲೆಯೇ ಇದೆ. ಅವನು ರೂಪಶ್ರೀಗೆ ಫೋನ್ ಮಾಡಿದ.

"ಅಷ್ಟೇನಾ? ಬರ್ತೀನಿ ಬಿಡಿ" ಎಂದಳು ಅವಳು. "ನನ್ನ ಪಾಠದಿಂದ ಆಗಿದ್ದು, ನಾನೇ ಬಂದು ಹೇಳ್ತೀನಿ." ಕೇಸರಿಬಾತ್ ಇದೆಯೆಂದು ಕೇಳಿ ಪ್ರಿನ್ಸಿಪಾಲರೂ ಅವಳ ಜೊತೆ ಹೊರಟರು. ಮರಮ್ಮ ಮತ್ತೆ ಒಲೆ ಹಚ್ಚಿದಳು.

ಹೆಣ್ಣಿನವರ ಕಾರು ಬಂದಾಗ ಅರ್ಧ ಊರು ನಿಂಗರಾಜುವಿನ ಜಗಲಿಯ ಸುತ್ತ ಸೇರಿತ್ತು. ಕಾರಿನಿಂದ ಸುಕನ್ಯ ಮತ್ತು ಅವಳ ಅಪ್ಪ ಇಳಿದರು. ಬಯ್ಯಲು ಬಂದವರ ಮುಖ ಅವರದಾಗಿರಲಿಲ್ಲ. ಅಪ್ಪನ ಕೈಯಲ್ಲಿ ಎಳನೀರಿನ ಗೊನೆ, ಮಗಳ ಕೈಯಲ್ಲಿ ಹಣ್ಣು ಹೂವಿನ ಬುಟ್ಟಿ. ಆ ಅಪ್ಪ ನಿಂಗರಾಜುವಿನ ಹೆಗಲ ಮೇಲೆ ಕೈಯಿಟ್ಟು, ಬಾಣಂತಿಯನ್ನು ಮಾತಾಡಿಸುವ ಹಾಗೆ ಮೃದುವಾಗಿ ಕೇಳಿದ.

"ಈಗೆಂಗಿದೀರಿ ಮೇಷ್ಟ್ರೆ? ಸುಸ್ತು ಗಿಸ್ತು ಏನಾದ್ರೂ?"

"ಏನೂ ಇಲ್ಲ ಸಾರ್. ನಂಗೆ ಏನೂ ಆಗೇ ಇಲ್ಲ."

"ನಾವೇನೂ ಅದುನ್ನ ದೊಡ್ಡದು ಮಾಡೋ ಜನ ಅಲ್ಲ. ಮನುಷ್ಯರಿಗೇ ಬರೋದು."

ನಿಂಗರಾಜು ಎಷ್ಟೋ ಹೆಣ್ಣಿನವರನ್ನು ಕಂಡಿದ್ದ. ಬೇಡ ಅನ್ನುವವರೇ ಹೀಗೆ ಮೃದುವಾಗಿ ಮಾತಾಡುವುದು ಎಂದು ಅವನಿಗೆ ಗೊತ್ತಿತ್ತು. ಎಳನೀರು ತಂದಿದ್ದಾರೆಂದರೆ ಕತೆ ಮುಗಿದ ಹಾಗೆಯೇ. ಅವನು ಅಂಗಳಕ್ಕೆ ಹಾರಿ ಮೂಲೆಯಲ್ಲಿದ್ದ ರಾಗಿ ಮೂಟೆಯನ್ನು ಒಂದೇ ಉಸಿರಿಗೆ ಹೆಗಲಿಗೇರಿಸಿ ಮನೆಯ ಸುತ್ತ ಒಂದು ಸುತ್ತು ಬಂದ. ಮೂಟೆ ಇಳಿಸಿ, ಕೊಕ್ಕರೆಯಂತೆ ಒಂಟಿ ಕಾಲಲ್ಲಿ ನಿಂತ.

"ನೋಡಿ ಸಾರ್. ಕಾಯ್ಲೆ ಇರೋನು ಇಂಗೆ ನಿಲ್ತಾನಾ?"

ಸುಕನ್ಯಳ ತುಟಿಯಂಚಿನಲ್ಲಿ ನಗು ಬಂತು. "ಕಾಲು ಕೆಳಗಿಡಿ, ನೋಯುತ್ತೆ" ಎಂದಳು. ಅವಳಿಗೆ ನಿಜಕ್ಕೂ ಅಯ್ಯೋ ಪಾಪ ಅನಿಸಿದ್ದು ನಿಂಗರಾಜುವಿಗೆ ಕಾಣಿಸಲಿಲ್ಲ. ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡ.

ಅಷ್ಟರಲ್ಲಿ ಸಾಕ್ಷಿಗಳು ಬಂದರು. ಪ್ರಿನ್ಸಿಪಾಲರು ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಹೇಳಿದರು: "ನಾಲ್ಕು ವರ್ಷದಲ್ಲಿ ಇವರು ತಲೆನೋವು ಅಂತ ಒಂದು ದಿನ ಹೇಳಿದವರಲ್ಲ. ಗುಂಡುಕಲ್ಲು ಇದ್ದ ಹಾಗಿದ್ದಾರೆ." ರೂಪಶ್ರೀ, ಶಾಲೆಯಲ್ಲಿ ಒಂದು ಮಗುವಿಗೆ ಫಿಟ್ಸ್ ಬರುವುದನ್ನೂ, ಅದಕ್ಕಾಗಿ ಎಲ್ಲರಿಗೂ ಕಲಿಸಿದ್ದನ್ನೂ, ನಿಂಗರಾಜು ರೋಗಿಯಾಗಿ ನಟಿಸಿದ್ದನ್ನೂ ಬಿಡಿಸಿ ಹೇಳಿದಳು. ಜಗಲಿಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ತಲೆದೂಗಿದರು. ಮರಮ್ಮ ಕಣ್ಣೊರೆಸಿಕೊಂಡಳು. ಸುಕನ್ಯಳ ಅಪ್ಪನ ಮುಖ ಮಾತ್ರ ಯಾಕೋ ಸಣ್ಣಗಾಯಿತು.

"ಹಂಗಾದ್ರೆ ನಿಮಗೆ ನಿಜವಾಗ್ಲೂ ಇಲ್ವಾ ಮೇಷ್ಟ್ರೆ?" ಎಂದು ಅವನು ಕೇಳಿದ್ದು ಹೆಚ್ಚು ಕಡಿಮೆ ಬೇಡಿಕೊಳ್ಳುವ ದನಿಯಲ್ಲಿ.

"ಇದ್ದಿದ್ರೂ ಏನಂತೆ ಸರ್" ಎಂದಳು ರೂಪಶ್ರೀ. "ಸರಿಯಾಗಿ ಮಾತ್ರೆ ತಗೊಂಡ್ರೆ ಎಲ್ಲರ ಹಾಗೇ ಇರಬಹುದು. ಕೆಲಸ, ಮದುವೆ, ಮಕ್ಕಳು..."

ತನಗೆ ಕಾಯಿಲೆ ಇದೆಯೆಂದು ಮತ್ತೆ ಎಲ್ಲಿ ಅನುಮಾನ ಹುಟ್ಟುವುದೋ ಎಂದು ನಿಂಗರಾಜು ಅವಳ ಮಾತನ್ನು ಅಲ್ಲೇ ತುಂಡು ಮಾಡಿದ.

"ಸಿಸ್ಟರ್ ಹಂಗೇ ಹೇಳ್ಬೇಕು ಸಾರ್, ಅವ್ರ ಕೆಲಸ ಅದು. ನಾನಂತೂ ಖಡಾಖಂಡಿತ. ಅಂಥ ಕಾಯ್ಲೆ ಇದ್ದಿದ್ರೆ ನಾನು ಮದುವೆ ಮಾತೇ ಎತ್ತುತಿರ್ಲಿಲ್ಲ. ಇನ್ನೊಬ್ರ ಬಾಳು ಯಾಕೆ ಹಾಳು ಮಾಡ್ಬೇಕು?"

ಊರಿನವರು ಭೇಷ್ ಎಂದರು. ನಿಂಗರಾಜು ಎದೆಯುಬ್ಬಿಸಿ ಸುಕನ್ಯಳ ಕಡೆ ನೋಡಿದ. ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು.

"ಹೊರಡಾಣ ಅಪ್ಪ."

"ಯಾಕೆ? ಇನ್ನೂ ಕೇಸರಿಬಾತ್ ತಿಂದಿಲ್ಲ ನೀವು" ಎಂದ ನಿಂಗರಾಜು.

ಸುಕನ್ಯ ಎದ್ದು ನಿಂತಳು. ದನಿ ಏರಿಸಲಿಲ್ಲ. "ನಂಗೆ ಫಿಟ್ಸ್ ಇದೆ ಮೇಷ್ಟ್ರೆ. ಹೈಸ್ಕೂಲಿಂದ. ಮಾತ್ರೆ ತಗೋತೀನಿ, ಈಚೆಗೆ ಎಷ್ಟೋ ವರ್ಷಗಳಿಂದ ಬಂದಿಲ್ಲ. ಇವತ್ತು ಇಲ್ಲೇ ಕೂತು ಹೇಳ್ಬೇಕು ಅಂತ್ಲೇ ನಾನೂ ಬಂದಿದ್ದು."

ಪ್ರಿನ್ಸಿಪಾಲರ ಚಮಚ ತಟ್ಟೆಯ ಮೇಲೇ ನಿಂತಿತು.

"ಬಂದ ಗಂಡುಗಳಿಗೆಲ್ಲ ಮುಚ್ಚದೆ ಹೇಳಿದ್ವಿ" ಎಂದ ಅವಳ ಅಪ್ಪ. "ಎಲ್ಲಾ ಎದ್ದು ಹೋದ್ರು. ನಿಮ್ಗೂ ಹೇಳ್ಬೇಕಲ್ಲ ಅಂತ ಬೆಳಿಗ್ಗೆಯಿಂದ ನಂಗೆ ಅನ್ನ ಇಳೀಲಿಲ್ಲ. ಅಷ್ಟೊತ್ಗೆ ಪಕ್ಕದ ಮನೆ ಅಮ್ಮ ಬಂದು ಹುಡುಗ್ನಿಗೆ ಹಿಂಗಂತೆ ಅಂದ್ಲು. ಸತ್ಯವಾಗ್ಲೂ ಹೇಳ್ತೀನಿ ಮೇಷ್ಟ್ರೆ, ಇನ್ನೊಬ್ರ ಕಾಯ್ಲೆ ಕೇಳಿ ನಾನು ಅಷ್ಟು ಖುಷಿ ಪಟ್ಟಿದ್ದು ಇದೇ ಮೊದ್ಲು. ತಡ ಮಾಡೋದು ಬೇಡ ಅಂತ ಊಟಾನೂ ಮಾಡ್ದೆ ಓಡಿ ಬಂದ್ವಿ."

ಅಪ್ಪ ಮಗಳು ಕಾರಿನ ಕಡೆ ನಡೆದರು. ತನಗೆ ಕಾಯಿಲೆ ಇದ್ದಿದ್ದರೆ ಇಷ್ಟು ಹೊತ್ತಿಗೆ ತಾಂಬೂಲ ಬದಲಾಗುತ್ತಿತ್ತು. ನಿಂಗರಾಜು ಓಡಿ ಹೋಗಿ ಕಾರಿನ ಬಾಗಿಲಿಗೆ ಅಡ್ಡ ನಿಂತ.

"ಸಾರ್, ಒಂದ್ನಿಮಿಷ. ನಾನು ಪೂರ್ತಿ ಹೇಳ್ಲಿಲ್ಲ. ಬೆಳಿಗ್ಗೆ ಬಿದ್ದಾಗ ನಿಜವಾಗ್ಲೂ ಒಂಥರಾ ಕಣ್ಣು ಕತ್ತಲೆ ಬಂತು. ನಂಗೂ ಸ್ವಲ್ಪ ಇರ್ಬೋದು."

"ಎಲ್ಲೈತ್ಲಾ?" ಎಂದು ಹಿಂದಿನಿಂದ ಮರಮ್ಮ ಮುನ್ನುಗ್ಗಿದಳು. "ಇಲ್ಲ ಕಣ್ರಪ್ಪ, ನಂಬಬ್ಯಾಡಿ. ನನ್ ಮಗುಂಗೆ ನೆಗಡಿನೂ ಬರಾಕಿಲ್ಲ."

"ಈಗ ತಾನೆ ಮೂಟೆ ಒತ್ಕಂಡು ಓಡ್ನಲ್ಲ" ಎಂದಳು ಚಿಕ್ಕಬೀರಮ್ಮ.

"ನಾನೇ ಬರೆದು ಕೊಡ್ತೀನಿ ಬೇಕಾದ್ರೆ" ಎಂದರು ಪ್ರಿನ್ಸಿಪಾಲರು.

ಕರಿಯಪ್ಪ ಜೇಬಿನಿಂದ ಬೈಕಿನ ಕೀಲಿ ತೆಗೆದು ಎಲ್ಲರ ಎದುರಿಗೇ ನಿಂಗರಾಜುವಿನ ಕೈಗಿಟ್ಟ. "ತಗಳಿ ಮೇಷ್ಟ್ರೆ. ನಿಮ್ಗೇನೂ ಇಲ್ಲ ಅಂತ ಗೊತ್ತಾಯ್ತು. ಇನ್ಮೇಲೆ ಮೈಸೂರ್ ಗಂಟ ಓಡುಸ್ಕೊಂಡ್ ಓಗಿ."

ಸುಕನ್ಯ ನಕ್ಕೇಬಿಟ್ಟಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಇಲ್ದಿರೋ ಕಾಯ್ಲೆ ಯಾಕೆ ಅಂಟಿಸ್ಕೋತೀರಿ ಮೇಷ್ಟ್ರೆ? ನಿಮಗೆ ಫಿಟ್ಸ್ ಇರ್ಲಿ ಅಂತೇನೂ ನಾನು ಬರ್ಲಿಲ್ಲ. ಬಿದ್ದೋರಿಗೆ ಹೆಂಗಿರುತ್ತೆ ಅಂತ ನಿಮಗೆ ಗೊತ್ತಿರುತ್ತೆ ಅಂದ್ಕೊಂಡು ಬಂದೆ."

ನಿಂಗರಾಜು ದಾರಿ ಬಿಟ್ಟು ಸರಿದು ನಿಂತ.

ರೂಪಶ್ರೀ ಕಾರಿನ ಕಿಟಕಿಯ ಹತ್ತಿರ ಹೋಗಿ ಸುಕನ್ಯಳ ಜೊತೆ ಏನೋ ಮಾತಾಡಿದಳು. ಒಂದು ದಿನ ಶಾಲೆಗೆ ಬಂದು ಚಿನ್ನುವಿನ ತಾಯಿಯನ್ನು ಕಂಡು, 'ನಾನೂ ಹೀಗೇ ಓದಿ ಕೆಲಸಕ್ಕೆ ಸೇರಿದೆ' ಅಂತ ಹೇಳಬೇಕು ಎಂದು ಕೇಳಿಕೊಂಡಳು. ಸುಕನ್ಯ ಖಂಡಿತ ಬರುತ್ತೇನೆಂದಳು. ಅದನ್ನು ಕೇಳಿಸಿಕೊಂಡ ಪ್ರಿನ್ಸಿಪಾಲರು ಗಂಟಲು ಸರಿಪಡಿಸಿಕೊಂಡು, "ಮಗು ಎಲ್ಲಿಗೂ ಹೋಗಲ್ಲ ಬಿಡಿ ಸಿಸ್ಟರ್, ಈಗ ನನಗೇ ಮಲಗಿಸೋಕೆ ಬರುತ್ತೆ" ಎಂದರು. ಚಿನ್ನುವಿನ ಮಟ್ಟಿಗೆ ಅವತ್ತಿನ ಪಾಠ ಗೆದ್ದಿತ್ತು.

ಕಾರು ಹೋದ ಮೇಲೆ ಊರಿನವರು ಕೇಸರಿಬಾತ್ ಖಾಲಿ ಮಾಡಿ ಮನೆಗೆ ಹೊರಟರು. ಎಲ್ಲರೂ ನಿಂಗರಾಜುವಿನ ಬೆನ್ನು ತಟ್ಟಿ, ಮಾನ ಉಳಿಯಿತು ಎಂದರು. ಅವನು ಜಗಲಿಯ ಮೇಲೆ ಒಬ್ಬನೇ ಕೂತ. ಆಗ ನಂಜಣ್ಣನ ಫೋನು ಮತ್ತೆ ಬಂತು.

"ಸುದ್ದಿ ತಿಳೀತು ಕಣಪ್ಪ. ಬೇಜಾರ್ ಮಾಡ್ಕೋಬ್ಯಾಡ. ಇಲ್ಲೇ ಕೋಟೆ ಕಡೆ ಇನ್ನೊಂದು ಹೆಣ್ಣೈತೆ. ಒಳ್ಳೆ ಜನ. ಹುಡುಗ್ನಿಗೆ ಹೆಂಗೆ ಅಂತ ಕೇಳ್ತಾವ್ರೆ. ಕಾಯ್ಲೆ ಐತೆ ಅನ್ಲಾ, ಇಲ್ಲ ಅನ್ಲಾ?"

ನಿಂಗರಾಜು ಅಂಗಳದ ರಾಗಿ ಮೂಟೆಯನ್ನೊಮ್ಮೆ ನೋಡಿದ.

"ಮೊದ್ಲು ಅವ್ರಿಗೇನೈತೆ ಕೇಳಣ್ಣ" ಎಂದ. "ಆಮೇಲೆ ನಂಗೇನೈತೆ ಅಂತ ಏಳ್ತೀನಿ."